ತೈ ಚಿ ಕತ್ತಿ, 32 ವರಸೆ: ಪಾಠಾಂತರ ಯಾವುದು, ತಪ್ಪು ಯಾವುದು (ಮೂರನೇ ತಿಂಗಳ ದಾಖಲೆ)

ಈ ತಿಂಗಳು ಹಿಡಿದ ಕೆಲಸ: ತೈ ಚಿ (ಚೀನಾದ ನಿಧಾನಗತಿಯ ಸಮರಕಲೆ) ಕತ್ತಿಯ 32 ವರಸೆಯ ಪಾಠವನ್ನು, ಅಂದರೆ ಸಾಲಾಗಿ ಮಾಡುವ ಕ್ರಮವನ್ನು, ಅದೇ ಕಲೆಯ ಯಾಂಗ್ ಮನೆತನದ ಹಳೆಯ, ಇನ್ನೂ ಉದ್ದದ ಕತ್ತಿಪಾಠದ ಪಕ್ಕದಲ್ಲಿಟ್ಟು, ಎರಡೂ ಬೇರೆಯಾಗುವ ಕಡೆಯಲ್ಲೆಲ್ಲ ಅಲಗು ಏನು ಮಾಡುತ್ತಿದೆ ಎಂದು ಗುರುತು ಹಾಕುವುದು. ಎರಡು ಪರಂಪರೆಯವರು ಒಂದೇ ಬಯಲಲ್ಲಿ ಕೂಡಿದರೆ ಮಾತು ಶುರುವಾಗುವುದೇ "ನಿಮ್ಮ ಗುರುಗಳು ಯಾರು" ಎಂಬಲ್ಲಿಂದ. ಇಲ್ಲಿ ಆ ಪ್ರಶ್ನೆಗೆ ಎರಡನೇ ಜಾಗ. ಮೊದಲು ಕೇಳಬೇಕಾದದ್ದು, ಈ ಕ್ಷಣದಲ್ಲಿ ಕತ್ತಿಯ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು. ಎರಡು ಕಡೆಯೂ ಉತ್ತರ ಒಂದೇ ಆಗಿದ್ದರೆ ಅದು ಬರೀ ಪಾಠಾಂತರ. ಒಂದೇ ಕೀರ್ತನೆಯನ್ನು ಎರಡು ಶಿಷ್ಯಪರಂಪರೆಯವರು ಬೇರೆ ಬೇರೆ ಸಂಗತಿ ಹಾಕಿ ಹಾಡುವ ಹಾಗೆ. ಉತ್ತರ ಬೇರೆಯಾಗಿ, ಎರಡಕ್ಕೂ ಕಾರಣ ಇದ್ದರೆ ಅವು ಎರಡು ಬೇರೆ ವರಸೆ. ಉತ್ತರವೇ ಸಿಗದಿದ್ದರೆ ತಪ್ಪು, ಯಾರ ಮನೆಯಿಂದ ಬಂದಿದ್ದರೂ.

ಎರಡು ಬಗೆಯ ಹೆಸರು

32 ವರಸೆಯ ಪಾಠವನ್ನು ಚೀನಾದ ರಾಷ್ಟ್ರೀಯ ಕ್ರೀಡಾ ಆಯೋಗ 1957ರಲ್ಲಿ ಹೊರತಂದಿತು. ಅದರ ಹಿಂದಿನ ವರ್ಷ 24 ವರಸೆಯ ಬರಿಗೈ ಪಾಠ ಬಂದಿತ್ತು. ಎರಡಕ್ಕೂ ಮೂಲ ಯಾಂಗ್ ಶೈಲಿಯೇ. ಕತ್ತಿಪಾಠವನ್ನು ಎಂಟೆಂಟರ ನಾಲ್ಕು ಗುಂಪಾಗಿ ಕಟ್ಟಿದ್ದಾರೆ, ಒಂದು ಸುತ್ತಿಗೆ ಸುಮಾರು ಮೂರು ನಿಮಿಷ. "ಇದು ಸಮಿತಿ ಕೂತು ಮಾಡಿದ್ದು, ಇದಕ್ಕೆ ಪರಂಪರೆಯೇ ಇಲ್ಲ" ಎಂಬುದು ಇದರ ಮೇಲಿನ ಹಳೆಯ ಆಕ್ಷೇಪ.

ಹೆಸರುಗಳನ್ನು ಸಾಲಾಗಿ ಬರೆದು ನೋಡಿದರೆ ಈ ಆಕ್ಷೇಪದ ಅರ್ಧ ಕರಗುತ್ತದೆ. ಹಳೆಯ ಪಾಠದಲ್ಲಿ ಹೆಸರುಗಳೆಲ್ಲ ಚಿತ್ರಗಳು: ಹಕ್ಕಿ ಕಾಡಿಗೆ ಮರಳುವುದು, ಕಾಡುಕುದುರೆ ಹಳ್ಳ ಹಾರುವುದು, ಗಾಳಿ ತಾವರೆ ಎಲೆಯನ್ನು ಸುರುಳಿ ಸುತ್ತುವುದು. ಹೊಸ ಪಾಠದಲ್ಲಿ ಹೆಸರು ಅಂದರೆ ಪಾದ ಮತ್ತು ಅಲಗು, ಅಷ್ಟೇ: 'ಒಂಟಿಕಾಲಲ್ಲಿ ಮೇಲ್ತಿವಿತ', 'ಹಾರಿ ಸಮತಿವಿತ', 'ತಿರುಗಿ ಓರೆಯಾಗಿ ಎಳೆತ'. ಹಕ್ಕಿ ಕಾಡಿಗೆ ಮರಳುವುದು ಇಲ್ಲಿ 8ನೆಯದು, ಕುದುರೆ ಹಳ್ಳ ಹಾರುವುದು 14, ತಾವರೆ ಎಲೆ 11. ಕೊನೆಯ ನೇರ ತಿವಿತ ಹಳೆಯ ಪಾಠದ 'ದಿಕ್ಸೂಚಿ'. ಸರಕು ಹಳೆಯದೇ, ಮೇಲಿನ ಚೀಟಿ ಮಾತ್ರ ಬದಲಾಗಿದೆ.

ಚಿತ್ರದ ಹೆಸರಿನಲ್ಲೂ ಪಾಠ ಅಡಗಿದೆ ಎನ್ನುವುದಕ್ಕೆ 2ನೇ ವರಸೆ ನೋಡಿ. ಹೊಸ ಹೆಸರು 'ಒಂಟಿಕಾಲಲ್ಲಿ ಮರುತಿವಿತ', ಹಳೆಯದು 'ದೊಡ್ಡ ಕುಯ್ ನಕ್ಷತ್ರ'. ಕುಯ್ ಶಿಂಗ್ ಚೀನೀಯರ ಪರೀಕ್ಷೆಯ ದೇವರು, ವಿದ್ಯಾರ್ಥಿಗಳು ಕೈಮುಗಿಯುವ ದೈವ. ಮೂರ್ತಿಯಲ್ಲಿ ಒಂದು ಕಾಲ ಮೇಲೆ ನಿಂತು, ಬರೆಯುವ ಕುಂಚವನ್ನು ತಲೆಯ ಮೇಲೆ ಎತ್ತಿ ಹಿಡಿದಿರುತ್ತಾನೆ. ಆ ಕುಂಚದ ಜಾಗದಲ್ಲಿ ಕತ್ತಿ. ಬಲಗೈ ತಲೆಗಿಂತ ಮೇಲೆ, ಅಂಗೈ ಹೊರಮುಖ, ಮೊನೆ ಹಿಡಿಗಿಂತ ತುಸು ಕೆಳಗೆ ಬಾಗಿ ಮುಂದಕ್ಕೆ. ಎಡಗೈಯ ಕತ್ತಿಬೆರಳು (ತೋರುಬೆರಳು, ನಡುಬೆರಳು ಜೋಡಿಸಿ ಚಾಚಿ, ಉಳಿದವನ್ನು ಮಡಿಸಿದ ಮುದ್ರೆ) ಗಲ್ಲದ ಕೆಳಗಿನಿಂದ ಹೊರಟು ಮುಂದೆ ತೋರಿಸುತ್ತದೆ. ಮೊನೆ ಆಕಾಶ ನೋಡುತ್ತಿದ್ದರೆ ಕುಂಚ ಬರೆಯುತ್ತಿಲ್ಲ ಎಂದು ಹೇಳಿಕೊಟ್ಟರೆ ಕಲಿಯುವವರಿಗೆ ಬೇಗ ಹಿಡಿಸುತ್ತದೆ. ಚಿತ್ರದ ಹೆಸರನ್ನು ಬಿಟ್ಟುಕೊಟ್ಟವರು ಈ ಸುಳುಹನ್ನೂ ಬಿಟ್ಟುಕೊಟ್ಟಿದ್ದಾರೆ, ಅದು ನಿಜವಾದ ನಷ್ಟ. ಆದ್ದರಿಂದ ದಾಖಲೆಯಲ್ಲಿ ಎರಡೂ ಹೆಸರನ್ನು ಅಕ್ಕಪಕ್ಕ ಬರೆಯುತ್ತಿದ್ದೇವೆ.

ಎಣಿಕೆಯ ಜಗಳ ಮಾತ್ರ ಬೇಡವೇ ಬೇಡ. ಯಾಂಗ್ ಝೆನ್‌ದುವೊ ಅವರ ಮನೆಪಾಠದಲ್ಲಿ 67 ವರಸೆ, ಅದೇ ಶೈಲಿ ಕಲಿಸಿದ ಝೆಂಗ್ ಮ್ಯಾನ್‌ಚಿಂಗ್ ಅವರ ಶಿಷ್ಯರಲ್ಲಿ 54. ಮರುಕಳಿಸುವ ವರಸೆಯನ್ನು ಮತ್ತೆ ಎಣಿಸುವುದೋ ಬಿಡುವುದೋ, ಎಡಬಲವನ್ನು ಎರಡು ಎನ್ನುವುದೋ ಒಂದು ಎನ್ನುವುದೋ, ಲೆಕ್ಕದ ಬಹುಪಾಲು ಅಂತರ ಅಲ್ಲೇ ಇದೆ. ಸಂಖ್ಯೆ ನೋಡಿ ಶುದ್ಧಿ ಅಳೆಯುವಂತಿಲ್ಲ.

ಲಿ ಜಿಂಗ್‌ಲಿನ್ ಅವರ ಪ್ರಶ್ನೆ

ಪರಂಪರೆಯ ವಾದದಲ್ಲಿ ತೂಕ ಇರುವುದು ಇದೊಂದಕ್ಕೆ. ಯಾಂಗ್ ಕತ್ತಿಯಲ್ಲಿ ವುದಾಂಗ್ ಬೆಟ್ಟದ ಹೆಸರಿನ ಇನ್ನೊಂದು ಪರಂಪರೆಯ ಕತ್ತಿ ಬೆರೆತಿದೆ, ಬೆರೆಸಿದವರು 'ಕತ್ತಿಯ ದೇವರು' ಎಂದು ಹೆಸರಾದ ಸೇನಾಧಿಕಾರಿ ಲಿ ಜಿಂಗ್‌ಲಿನ್ ಎಂಬುದು ಒಂದು ಪಕ್ಷ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರ ಗುವೊಶು (ರಾಷ್ಟ್ರೀಯ ಸಮರಕಲೆ) ಸಂಸ್ಥೆ ಶುರುವಾದಾಗ ಅವರು ಅದರ ಉಪಮುಖ್ಯಸ್ಥರು. 1929ರ ಹಾಂಗ್‌ಝೌ ಕುಸ್ತಿಕಟ್ಟೆಯ ಪಂದ್ಯಗಳ ಮುಂದಾಳತ್ವವೂ ಅವರದೇ. ಯಾಂಗ್ ಚೆಂಗ್‌ಫು (ಆಗಿನ ಯಾಂಗ್ ಮನೆತನದ ಗುರು) ಕೂಡ ಆ ಕಾಲದಲ್ಲಿ ಹಾಂಗ್‌ಝೌನಲ್ಲಿ ಪಾಠ ಹೇಳುತ್ತಿದ್ದರು. ಆದರೆ ಯಾಂಗ್ ಚೆಂಗ್‌ಫು ಅವರ ಶಿಷ್ಯ ಚೆನ್ ವೇಮಿಂಗ್ 1928ರಲ್ಲೇ ಯಾಂಗ್ ಕತ್ತಿಯ ಪಾಠವನ್ನು ಅಚ್ಚು ಹಾಕಿಸಿದ್ದರು. ಹಾಂಗ್‌ಝೌ ಪಂದ್ಯದ ಹೊತ್ತಿಗೆ ಪಾಠದ ಮೈಕಟ್ಟು ಕಾಗದದ ಮೇಲೆ ನಿಂತಾಗಿತ್ತು ಎಂಬುದು ಎದುರುಪಕ್ಷದ ಬಲವಾದ ಮಾತು.

32 ವರಸೆಯ ವಿಷಯದಲ್ಲಿ ಈ ವಾದಕ್ಕೆ ಇನ್ನೊಂದು ಎಳೆ ಇದೆ. ಅದರ ರಚನೆಯಲ್ಲಿ ಮುಖ್ಯ ಕೈ ಲಿ ತಿಯಾನ್‌ಜಿ ಅವರದು. ಅವರ ತಂದೆ ಲಿ ಯೂಲಿನ್, ಲಿ ಜಿಂಗ್‌ಲಿನ್ ಅವರ ಶಿಷ್ಯರು. ಅಂದರೆ 'ಪರಂಪರೆ ಇಲ್ಲದ ಪಾಠ' ಎನ್ನಿಸಿಕೊಂಡದ್ದರ ಹಿಂದೆ ಎರಡು ಪರಂಪರೆಗಳು ನಿಂತಿವೆ. ವುದಾಂಗ್ ಕತ್ತಿಯವರು ಹೇಳುವ ಹದಿಮೂರು ಕ್ರಿಯೆಗಳ ಪಟ್ಟಿಯನ್ನು (ಎಳೆತ, ತಿವಿತ, ಕುಕ್ಕು, ಸೀಳು, ತಡೆ ಮುಂತಾದವು) ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಿದರೆ ಯಾಂಗ್ ಪಾಠ ಇನ್ನಷ್ಟು ಚೊಕ್ಕವಾಗುತ್ತದೆ, ಕೆಡುವುದಿಲ್ಲ. ಈ ತಿಂಗಳ ಕೆಲಸ ನಡೆದದ್ದು ಹಾಗೆಯೇ.

ತೈ ಚಿಯ ಇನ್ನೊಂದು ಶೈಲಿಯಾದ ಚೆನ್ ಶೈಲಿಯ 49 ವರಸೆಯನ್ನು ಈ ತಕ್ಕಡಿಗೆ ಹಾಕಿಲ್ಲ. ಅಲ್ಲಿ ತಿವಿತದಲ್ಲಿ ಸಿಡಿಯುವ ಬಲ ಇದೆ, ವೇಗ ಏರಿಳಿಯುತ್ತದೆ. ಯಾಂಗ್ ಕತ್ತಿಯ ಸಮಗತಿಯನ್ನು ಅಳತೆಗೋಲು ಮಾಡಿ ಅದನ್ನು ಒರಟು ಎನ್ನುವುದು ಅನ್ಯಾಯ.

ಸಲಕರಣೆ

ಕತ್ತಿಯನ್ನು ಎಡಗೈಯಲ್ಲಿ ತಲೆಕೆಳಗಾಗಿ ಹಿಡಿದು, ತೋಳು ಇಳಿಬಿಟ್ಟು, ಅಲಗನ್ನು ತೋಳಿನ ಹಿಂದೆ ನೆಟ್ಟಗೆ ನಿಲ್ಲಿಸಿದಾಗ ಮೊನೆ ಕಿವಿಯ ಮೇಲಂಚಿಗಿಂತ ಕೆಳಗೆ ಇರಬಾರದು. ಸ್ಪರ್ಧೆಯ ನಿಯಮದಲ್ಲಿ ತೂಕ ಗಂಡಸರಿಗೆ 600 ಗ್ರಾಂಗೆ, ಹೆಂಗಸರಿಗೆ 500 ಗ್ರಾಂಗೆ ಕಡಿಮೆ ಇರುವಂತಿಲ್ಲ. ತೂಕಕ್ಕಿಂತ ಮುಖ್ಯ ಸಮತೋಲದ ಬಿಂದು. ಅಲಗನ್ನು ಒಂದು ಬೆರಳ ಮೇಲೆ ಅಡ್ಡಲಾಗಿ ಇಟ್ಟು ನೋಡಿ: ಹಿಡಿಯ ಮೇಲಿನ ಅಡ್ಡಪಟ್ಟಿಯಿಂದ 12-15 ಸೆಂ.ಮೀ. ಒಳಗೆ ನಿಂತರೆ ಮಣಿಕಟ್ಟು ಸುಖವಾಗಿ ಆಡುತ್ತದೆ. 20 ದಾಟಿದರೆ 600 ಗ್ರಾಮಿನ ಕತ್ತಿಯೂ ಭಾರ ಎನಿಸಿ, ಬೆರಳುಗಳು ಹಿಡಿಯನ್ನು ಹಿಸುಕತೊಡಗುತ್ತವೆ. ಮೊಣಕೈ ಹೊರಬದಿಯ ನೋವು ಹುಟ್ಟುವುದು ಹೆಚ್ಚಾಗಿ ಈ ಹಿಸುಕುವಿಕೆಯಿಂದಲೇ.

ಅಲಗಿಗೆ ಎರಡು ಕಡೆ ಬಣ್ಣದ ಟೇಪು ಸುತ್ತಿ ಮೂರು ಪಾಲು ಮಾಡಿಕೊಂಡೆವು. ಮೊನೆಯ ಪಾಲು ಕುಕ್ಕಲು, ತಿವಿಯಲು, ಕೊಯ್ಯಲು. ಹಿಡಿಯ ಪಾಲು ತಡೆಯಲು. ನಡುವಿನದು ಎದುರಾಳಿಯ ಅಲಗನ್ನು ಹೊತ್ತು ಜಾರಿಸಲು. ವಿಡಿಯೊದಲ್ಲಿ ಟೇಪಿನ ಬಣ್ಣ ನೋಡಿಯೇ ಅರ್ಧ ತಗಾದೆ ಇತ್ಯರ್ಥವಾಗುತ್ತದೆ. ಫೋನನ್ನು ಭುಜದ ಎತ್ತರಕ್ಕೆ, ಮೂರು ಮೀಟರ್ ದೂರದಲ್ಲಿ, ಪಕ್ಕದಿಂದ ಇಡಬೇಕು. ಎದುರಿನಿಂದ ಹಿಡಿದರೆ ಮೊನೆಯ ಎತ್ತರ ತಿಳಿಯುವುದಿಲ್ಲ.

1 ಮತ್ತು 24: ಕುಕ್ಕು

ಈ ತಿಂಗಳ ಹೆಚ್ಚಿನ ಹೊತ್ತು ಹೋದದ್ದು ಇದಕ್ಕೇ. ಚೀನೀ ಹೆಸರು 'ದಿಯೆನ್', ಚುಕ್ಕೆ ಇಡುವುದು. ಕೋಳಿ ಕಾಳು ಕುಕ್ಕಿದ ಹಾಗೆ ಎಂದರೆ ಕನ್ನಡದಲ್ಲಿ ಸರಿಹೊಂದುತ್ತದೆ: ಕತ್ತು ನೀಳವಾಗಿಯೇ ಇರುತ್ತದೆ, ಕೊಕ್ಕು ಮಾತ್ರ ಇಳಿಯುತ್ತದೆ. ತೋಳು ಭುಜದ ಎತ್ತರದ ಹತ್ತಿರ ಮುಂದೆ ಚಾಚಿರುತ್ತದೆ, ಮಣಿಕಟ್ಟು ಮೇಲಕ್ಕೆ ಏಳುತ್ತದೆ, ಅದರಿಂದ ಮೊನೆ ಕೆಳಗೆ ಬೀಳುತ್ತದೆ. ಬಲ ಇಳಿಯುವುದು ಅಲಗಿನ ಕೆಳಬಾಯಿಯ ತುತ್ತತುದಿಗೆ. 1ನೆಯದರಲ್ಲಿ ಪಾದಗಳು ಕೂಡಿರುತ್ತವೆ, ಎಡಗೈಯ ಕತ್ತಿಬೆರಳು ಬಲ ಮಣಿಕಟ್ಟಿಗೆ ತಾಗಿರುತ್ತದೆ. 24ನೆಯದರಲ್ಲಿ ಖಾಲಿ ಹೆಜ್ಜೆ, ಅಂದರೆ ಭಾರ ಹಿಂಗಾಲಿನ ಮೇಲೆ, ಮುಂಗಾಲು ಹಗುರ.

ಇಲ್ಲಿನ ಸಾಮಾನ್ಯ ತಪ್ಪು ಎಂದರೆ ಕುಕ್ಕು ಹೋಗಿ ಸೀಳು ಆಗುವುದು. ಸೀಳಿನಲ್ಲಿ (6, 23, 26, 27) ತೋಳೂ ಅಲಗೂ ಒಂದೇ ಗೆರೆಯಾಗಿ ಮೇಲಿನಿಂದ ಇಳಿಯುತ್ತವೆ, ಬಾಯಿಯ ಉದ್ದಕ್ಕೂ ಬಲ ಇರುತ್ತದೆ. ತೋಳನ್ನು ಇಳಿಸಿ "ಕುಕ್ಕಿದೆ" ಎಂದರೆ ಎರಡೂ ಅಲ್ಲದ್ದು ಉಳಿಯುತ್ತದೆ. ಕಾರಣ ಹಿಡಿತದಲ್ಲಿದೆ: ಐದೂ ಬೆರಳು ಬಿಗಿದಿದ್ದರೆ ಮಣಿಕಟ್ಟು ಏಳಲಾರದು, ಆಗ ಕೆಲಸ ಭುಜಕ್ಕೆ ಹೋಗುತ್ತದೆ. ಕುಕ್ಕುವಾಗ ಹೆಬ್ಬೆರಳು ಮತ್ತು ಮೊದಲೆರಡು ಬೆರಳು ಹಿಡಿಯನ್ನು ನಡೆಸಬೇಕು, ಉಂಗುರಬೆರಳೂ ಕಿರುಬೆರಳೂ ಸಡಿಲವಾಗಿ ಹಿಡಿಯನ್ನು ಆಡಗೊಡಬೇಕು.

ಇದಕ್ಕೆ ಮಾಡಿದ ಉಪಾಯ: ಟೆನಿಸ್ ಚೆಂಡಿಗೆ ದಾರ ಪೋಣಿಸಿ, ಚೆಂಡಿನ ನೆತ್ತಿ ಸೊಂಟದ ಎತ್ತರಕ್ಕೆ ಬರುವಂತೆ ಕೊಂಬೆಗೆ ಕಟ್ಟುವುದು. ದಾರ ತುಸು ಓರೆಯಾಗುವಂತೆ ಚೆಂಡನ್ನು ಮತ್ತೊಂದು ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಬೇಕು, ಇಲ್ಲವಾದರೆ ಕತ್ತಿ ಮೇಲಿನ ದಾರಕ್ಕೆ ತಗಲುತ್ತದೆ. ಮರದ ಕತ್ತಿಯಲ್ಲಿ ಒಂದು ಸಲಕ್ಕೆ ಇಪ್ಪತ್ತು ಕುಕ್ಕು. ಚೆಂಡು ನೆಟ್ಟಗೆ ಕೆಳಗೆ ಜಗ್ಗಿ ಮೇಲೆದ್ದರೆ ಸರಿ. ಮುಂದಕ್ಕೆ ಓಡಿದರೆ ತಿವಿತ ಬೆರೆತಿದೆ, ತನ್ನ ಕಡೆಗೆ ಬಂದರೆ ತೋಳು ಎಳೆದಿದೆ. ಮೂರನೇ ವಾರದ ಹೊತ್ತಿಗೆ ಇಪ್ಪತ್ತರಲ್ಲಿ ಹದಿನಾಲ್ಕು ಹದಿನೈದು ನೇರ ಬೀಳುತ್ತಿವೆ.

4 ಮತ್ತು 5: ಬಲಕ್ಕೆ, ಎಡಕ್ಕೆ ಎಳೆತ

ವಾದ ಜೋರಾಗುವ ಜಾಗ ಇದು. ಕೆಲವರ ಕತ್ತಿ ಇಲ್ಲಿ ಅಗಲವಾಗಿ ಬೀಸುತ್ತದೆ, ನೋಡಲು ಚೆಂದ, "ನಮ್ಮ ಪರಂಪರೆ ಹೀಗೇ" ಎನ್ನುತ್ತಾರೆ. ಟೇಪು ನೋಡಿ ಕೇಳಬೇಕು. ಎಳೆತದಲ್ಲಿ ಅಲಗು ಮಟ್ಟಸವಾಗಿ ಮುಂದೆ ಹೋಗಿ, ಬಲಕ್ಕಾದರೆ ಅಂಗೈ ಕೆಳಮುಖ, ಎಡಕ್ಕಾದರೆ ಮೇಲ್ಮುಖವಾಗಿ ಹೊರಳಿ, ಹಿಡಿ ಪಕ್ಕೆಲುಬಿನ ಬಳಿಗೆ ಓರೆಯಾಗಿ ಹಿಂದೆ ಬರುತ್ತದೆ. ಸರಿಯುವುದು ಹಿಡಿ; ಮೊನೆ ಎದೆಯ ನಡುಗೆರೆಯ ಹತ್ತಿರವೇ ಉಳಿಯುತ್ತದೆ. ಎದುರಿನವರ ಕೈ ನಮ್ಮ ಅಲಗಿನ ಮೇಲೆ ಬುಡದಿಂದ ತುದಿಗೆ ಜಾರಿ ಕೊಯ್ಯಿಸಿಕೊಳ್ಳುವುದು ಇದರ ಗುಟ್ಟು. ಮೊನೆ ಹೊರಗೆ ಬೀಸಿಹೋದರೆ ಕೊಯ್ಲೂ ಇಲ್ಲ, ನಡುಗೆರೆಯ ಕಾವಲೂ ಇಲ್ಲ. ನೆಲದ ಮೇಲೆ ಸೀಮೆಸುಣ್ಣದ ನಡುಗೆರೆ ಎಳೆದು ಅಭ್ಯಾಸ ಮಾಡಿದಾಗ ಮೊನೆ ಅದರಿಂದ ಒಂದು ಗೇಣು ಆಚೀಚೆ ಇದ್ದರೆ ಪಾಠಾಂತರ ಎಂದು ಬಿಟ್ಟೆವು. ಒಂದು ಮೊಳ ಹೋದರೆ ತಪ್ಪು ಎಂದು ಬರೆದೆವು.

ಬಿಲ್ಲುಹೆಜ್ಜೆಯನ್ನೂ (ಮುಂದಿನ ಮಂಡಿ ಬಾಗಿಸಿ, ಹಿಂದಿನ ಕಾಲು ಚಾಚಿ ನಿಲ್ಲುವುದು) ಅದೇ ಗೆರೆ ಅಳೆಯುತ್ತದೆ. ಎರಡು ಹಿಮ್ಮಡಿಗಳ ನಡುವೆ ಅಡ್ಡಕ್ಕೆ 10ರಿಂದ 30 ಸೆಂ.ಮೀ. ಅಗಲ ಬೇಕು. ಒಂದೇ ಗೆರೆಯ ಮೇಲೆ ಎರಡೂ ಪಾದ ಬಿದ್ದರೆ ಹಗ್ಗದ ಮೇಲೆ ನಿಂತಂತೆ ಸೊಂಟ ತೂಗಾಡುತ್ತದೆ, ಅದನ್ನು ಸರಿದೂಗಿಸಲು ಮೊನೆ ಬೀಸುತ್ತದೆ. ಅಗಲದ ಬೀಸಿನ ಎಷ್ಟೋ 'ಪರಂಪರೆ'ಗಳ ಬೇರು ಈ ಕಿರಿದಾದ ಹೆಜ್ಜೆಯಲ್ಲಿ ಸಿಕ್ಕಿತು.

ಉಳಿದವು

ತಿವಿತದಲ್ಲಿ ಅಲಗು ಮಲಗಿರಬೇಕೋ ನಿಂತಿರಬೇಕೋ ಎಂಬುದಕ್ಕೆ ಪಾಠವೇ ಉತ್ತರ ಹೇಳುತ್ತದೆ. 10, 14, 18, 29ರಲ್ಲಿ ಅಂಗೈ ಮೇಲ್ಮುಖ, ಅಲಗು ಮಟ್ಟಸ. ಕೊನೆಯ 32ರಲ್ಲಿ ಹೆಬ್ಬೆರಳಿನ ಬದಿ ಮೇಲೆ, ಅಲಗು ನೆಟ್ಟಗೆ, ಕತ್ತಿಬೆರಳು ಮಣಿಕಟ್ಟಿನ ಮೇಲೆ. ಎಲ್ಲವನ್ನೂ ಒಂದೇ ಬಗೆ ಮಾಡುವುದು ಮರೆವು, ಶೈಲಿಯಲ್ಲ.

14ರ ಹಾರಿಕೆಯಲ್ಲಿ ಎಡಗಾಲು ನೆಲ ಮುಟ್ಟುವ ಹೊತ್ತಿಗೆ ಬಲಪಾದ ಎಡ ಮೀನಖಂಡದ ಒಳಬದಿಗೆ ಸೇರಿ ನೆಲ ಮುಟ್ಟದೆ ನಿಲ್ಲಬೇಕು, ಎರಡು ಕೈಯೂ ಸೊಂಟದ ಪಕ್ಕಕ್ಕೆ ಬೇರ್ಪಟ್ಟಿರಬೇಕು. ಬಲಪಾದ ನೆಲಕ್ಕೆ ತಾಗಿಬಿಟ್ಟರೆ ಮುಂದಿನ ತಿವಿತ ಅರ್ಧ ಹೆಜ್ಜೆ ತಡ. ಮಂಡಿ ಹುಷಾರಿಲ್ಲದವರು ಹಾರದೆ ದೊಡ್ಡ ಹೆಜ್ಜೆ ಹಾಕಬಹುದು. ಅಲಗಿನ ಕೆಲಸ ಕೆಡುವುದಿಲ್ಲ, ಹಾಗಾಗಿ ಅದು ಪಾಠಾಂತರ.

31ನೆಯದು 'ಗಾಳಿ ಹೂವನ್ನು ಗುಡಿಸುವುದು', ತಿರುಗುತ್ತಾ ಮಟ್ಟಸವಾಗಿ ಸವರುವುದು. ಕಾವಲಿಗೆ ಎಣ್ಣೆ ಸವರಿದ ಹಾಗೆ ಅಲಗು ಎದೆಮಟ್ಟದಲ್ಲಿ ಒಂದೇ ಸಮ ಹೋಗಬೇಕು. ಪಾದಗಳು ಒಂದು ಹೊರಕ್ಕೆ, ಒಂದು ಒಳಕ್ಕೆ ತಿರುಗಿಸಿ ಇಡುವ ಕ್ರಮ ತಪ್ಪಿದರೆ ಕತ್ತಿ ಏರಿಳಿಯುತ್ತದೆ. ಇದನ್ನು ಬರೀ ಕಾಲಲ್ಲಿ, ಕತ್ತಿ ಕೆಳಗಿಟ್ಟು, ದಿನಕ್ಕೆ ಹತ್ತು ಸಲ ಮಾಡಿಸುತ್ತಿದ್ದೇವೆ.

ಕತ್ತಿಯ ಹಿಡಿಯ ತುದಿಗೆ ಕಟ್ಟುವ ಕುಚ್ಚಿನ ಬಗ್ಗೆ ಹಳೆಯ ಮಾತೊಂದಿದೆ: ಕುಚ್ಚು ಇದ್ದರೆ ವಿದ್ವಾಂಸರ ಕತ್ತಿ, ಇಲ್ಲದಿದ್ದರೆ ಯೋಧರ ಕತ್ತಿ. ಕಲಿಕೆಯ ಮೊದಲ ವರ್ಷ ಬಿಚ್ಚಿಡುವುದೇ ಮೇಲು. ಬೀಸಿನ ಲಯ ಕೂಡದಿದ್ದಾಗ ಕುಚ್ಚು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತದೆ, ಕಣ್ಣು ಅದರ ಹಿಂದೆ ಹೋಗುತ್ತದೆ.

ಮುಂದಿನ ತಿಂಗಳಿಗೆ ಉಳಿದದ್ದು 15-16ರ ಎತ್ತುಕೊಯ್ತ ಮತ್ತು 19-21ರ ತಡೆ. ಎರಡೂ ಕೆಳಗಿನಿಂದ ಮೇಲೆ ಸುತ್ತಿ ಬರುವುದರಿಂದ ವಿಡಿಯೊದಲ್ಲಿ ಒಂದೇ ಥರ ಕಾಣುತ್ತಿವೆ. ಎತ್ತುಕೊಯ್ತದಲ್ಲಿ ಮೊನೆಯ ಟೇಪು ಮುಂದಾಗಿರಬೇಕು, ತಡೆಯಲ್ಲಿ ಹಿಡಿಯ ಟೇಪು. ಈಗಿನ ಹದಿನಾರು ತುಣುಕುಗಳಲ್ಲಿ ಒಂಬತ್ತರಲ್ಲಿ ಎರಡಕ್ಕೂ ನಡುವಿನ ಪಾಲೇ ಮುಂದಿದೆ.