ಹಳೇ ಕೂಲರಿಗೆ ಹೊಸ ಕೂಲರಿನ ರೇಟು

ಏಪ್ರಿಲ್ ಬಂತಂದ್ರೆ ವಿಜಯಪುರದಲ್ಲಿ ಹಳೇ ಕೂಲರಿಗೆ ಬಾಯಿಗೆ ಬಂದ ರೇಟು. ಊರಿನ ಸೆಕೆಂಡ್ ಹ್ಯಾಂಡ್ ಗ್ರೂಪುಗಳನ್ನು ತೆರೆದು ನೋಡಿ. ವಾಟ್ಸಾಪ್ ಇರಲಿ, ಫೇಸ್‌ಬುಕ್ ಇರಲಿ, ಎಲ್ಲಾ ಕಡೆ ಒಂದೇ ಥರ. ತುಕ್ಕು ಹಿಡಿದ ತಗಡಿನ ಕೂಲರ್, ಅದರ ಮೇಲೆ ಹೊಸದಾಗಿ ಬಳಿದ ಬೆಳ್ಳಿ ಬಣ್ಣ, ಕೆಳಗೆ ಒಂದು ಸಾಲು: "6,500. ಫಿಕ್ಸ್ ರೇಟ್. ಕಡಿಮೆಗೆ ಕೇಳೋರು ಮೆಸೇಜ್ ಮಾಡಬೇಡಿ." ಹೆಚ್ಚು ಕಡಿಮೆ ಅದೇ ಅಳತೆಯ ಹೊಸ ಪ್ಲಾಸ್ಟಿಕ್ ಕೂಲರ್ ಗಾಂಧಿ ಚೌಕದ ಕಡೆ ಅಂಗಡಿಯಲ್ಲಿ 7,800ಕ್ಕೆ ಸಿಗುತ್ತದೆ, ಒಂದು ವರ್ಷದ ವಾರಂಟಿ ಸೇರಿ. ಇದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ನನ್ನ ತಂಗಿಯ ಮಗಳು ಇಂಡಿ ಊರಿನವಳು. ನರ್ಸಿಂಗ್ ಮುಗಿಸಿ ಇಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ಕೆಲಸ. ಆಶ್ರಮ ರಸ್ತೆಯ ಕಡೆ ಎರಡು ಖೋಲಿಯ ಬಾಡಿಗೆ ಮನೆ, ಜೊತೆಗೆ ಅವಳ ಗೆಳತಿಯೊಬ್ಬಳು. ಮನೆ ಮಾಲೀಕರಿಗೆ ಡಿಪಾಸಿಟ್ ಕೊಟ್ಟ ಮೇಲೆ ಇಬ್ಬರ ಕೈಯಲ್ಲೂ ಸೇರಿ ಹದಿನೈದು ಸಾವಿರ ಚಿಲ್ಲರೆ ಉಳಿದಿತ್ತು. ಅಷ್ಟರಲ್ಲೇ ಕಾಟು (ಮಂಚ), ಗಾದಿ, ಮಿಕ್ಸರ್, ಕೂಲರ್, ಸಾಧ್ಯವಾದರೆ ಒಂದು ಸಣ್ಣ ಫ್ರಿಜ್ ಆಗಬೇಕಿತ್ತು. "ದೊಡ್ಡವ್ವಾ, ಗ್ರೂಪಿನ್ಯಾಗ ಸೋವಿ ಸಿಗ್ತಾವಂತ, ನೀ ಒಂಚೂರು ನೋಡ್ತಿಯೇನ?" ಅಂದಳು. ನೋಡುವ ಕೆಲಸ ನನ್ನ ಮೇಲೆ ಬಿತ್ತು.

ಮೊದಲು ಮಿಕ್ಸರ್. ಮೂರು ಜಾರ್ ಇರಬೇಕಾದಲ್ಲಿ ಎರಡಿದ್ದವು. ದೊಡ್ಡ ಜಾರಿನ ಮುಚ್ಚಳ ಬೇರೆ ಕಂಪನಿಯದು, ಬ್ಲೇಡಿನ ಬುಡದಲ್ಲಿ ನೀರು ಸೋರುತ್ತಿತ್ತು. ಕೇಳಿದ್ದು 2,200. ಯಾಕೆ ಇಷ್ಟು ಅಂತ ವಿಚಾರಿಸಿದೆ.

"ಅಕ್ಕಾರ, ನಾವು ತಗೊಂಡಾಗ ನಾಕು ಸಾವಿರ ಕೊಟ್ಟೀವ್ರಿ. ಬಿಲ್ಲೂ ಐತ್ರಿ."

"ಯಾವ ವರ್ಷದ್ದು ರೀ?"

"2017ರ ದೀಪಾವಳಿ ಮುಂದ ತಗೊಂಡದ್ದು ರೀ."

ಬಿಲ್ ಇದ್ದದ್ದು ನಿಜ. ಆದರೆ 2017ರ ದೀಪಾವಳಿಯಲ್ಲಿ ಮಿಕ್ಸರಿನ ಮೇಲೆ ಶೇಕಡಾ 28 ಜಿಎಸ್‌ಟಿ ಇತ್ತು. 2018ರ ಜುಲೈ ಕೊನೆಯಲ್ಲಿ ಮಿಕ್ಸರ್, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲವೂ ಶೇಕಡಾ 18ಕ್ಕೆ ಇಳಿದವು. ಅಂದ್ರೆ ಆ ನಾಲ್ಕು ಸಾವಿರದಲ್ಲಿ ಒಂದು ಭಾಗ ಅವತ್ತಿನ ತೆರಿಗೆ. ಅಷ್ಟು ತೆರಿಗೆಯನ್ನು ಇವತ್ತು ಹೊಸ ಮಿಕ್ಸರ್ ಕೊಳ್ಳುವವರೂ ಕೊಡುವುದಿಲ್ಲ. ಹಳೇದು ಕೊಳ್ಳುವ ಹುಡುಗಿ ಯಾಕೆ ಕೊಡಬೇಕು? ದೊಡ್ಡ ಟಿವಿಗಳದ್ದೂ ಇದೇ ಕಥೆ. 32 ಇಂಚಿಗಿಂತ ದೊಡ್ಡ ಟಿವಿ ಮತ್ತು ಎಸಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇಕಡಾ 28ರಿಂದ 18ಕ್ಕೆ ಬಂತು. ಗ್ರೂಪಿನಲ್ಲಿ ಮಾತ್ರ 43 ಇಂಚಿನ ಟಿವಿಗೆ ಇನ್ನೂ 2021ರ ಬಿಲ್ ತೋರಿಸಿ "ಅರ್ಧ ರೇಟಿಗೆ ಕೊಡ್ತೀವಿ" ಅನ್ನುತ್ತಾರೆ. ಯಾವ ರೇಟಿನ ಅರ್ಧ ಅಂತ ಕೇಳಬೇಕು ಅಲ್ವಾ?

ನನ್ನ ತಕರಾರು ಇಷ್ಟೇ. ಹಳೇ ಸಾಮಾನಿನ ಬೆಲೆಯನ್ನು ಹಳೇ ಬಿಲ್ಲಿನಿಂದ ಲೆಕ್ಕ ಹಾಕಬಾರದು. ಇವತ್ತು ಅಂಗಡಿಯಲ್ಲಿ ಹೊಸದರ ಬೆಲೆ ಎಷ್ಟು ಅಂತ ನೋಡಬೇಕು. ಇದು ಇನ್ನೆಷ್ಟು ವರ್ಷ ಬಾಳುತ್ತದೆ, ರಿಪೇರಿಗೆ ಎಷ್ಟು ಹೋಗುತ್ತದೆ, ವಾರಂಟಿ ಇಲ್ಲದ್ದಕ್ಕೆ ಎಷ್ಟು ಬಿಡಬೇಕು, ಟೆಂಪೋದವನಿಗೆ ಎಷ್ಟು ಕೊಡಬೇಕು, ಇದನ್ನೆಲ್ಲ ಅದರಲ್ಲಿ ಕಳೆಯಬೇಕು. ಉಳಿದದ್ದು ಬೆಲೆ.

ಮಾರುವವರೆಲ್ಲ ಮೋಸಗಾರರು ಅಂತ ನಾನು ಹೇಳುವುದಿಲ್ಲ. ನಮ್ಮದು ಅನ್ನಿಸಿದ ವಸ್ತುವಿಗೆ ನಾವೇ ಜಾಸ್ತಿ ಬೆಲೆ ಕಟ್ಟುತ್ತೇವೆ. ಕಾನೆಮನ್, ನೆಟ್ಷ್, ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಮಾರುವವರು ಹೇಳಿದ್ದು ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗಾದರೆ, ಹತ್ತು ವರ್ಷ ಮನೆಯಲ್ಲಿದ್ದ ತಿಜೋರಿಗೆ ಹೇಗಿರಬೇಡ? ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಆ ಮಮತೆಯ ಖರ್ಚನ್ನು ಬೇರೆಯವರ ಪಗಾರದಿಂದ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಕೂಲರಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕಂದ್ರೆ ನಮ್ಮೂರಲ್ಲಿ ಅದು ಶೋಕಿಯ ವಸ್ತು ಅಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿ ಹಗಲು ಮಲಗಬೇಕು. ತಗಡಿನ ಮನೆಯಾದರೆ ಫ್ಯಾನು ಬರೀ ಬಿಸಿಗಾಳಿ ತಿರುವುತ್ತದೆ. ನಮ್ಮ ಬೇಸಿಗೆ ಒಣ ಬೇಸಿಗೆ. ಒಣ ಗಾಳಿ ಒದ್ದೆ ಪ್ಯಾಡಿನ ಮೂಲಕ ಹಾಯ್ದು ಬರುವಾಗ ನೀರು ಆವಿಯಾಗಿ ಗಾಳಿ ತಂಪಾಗುತ್ತದೆ. ಮಂಗಳೂರಿನಂಥ ಜಿಗುಟು ಸೆಕೆಯಲ್ಲಿ ಅದು ಅಷ್ಟಾಗಿ ನಡೆಯುವುದಿಲ್ಲ, ಇಲ್ಲಿ ನಡೆಯುತ್ತದೆ. ಹಾಗಾಗಿ ಎಸಿ ತಗೊಳ್ಳಲು ಆಗದವರಿಗೆ ಕೂಲರೇ ದಾರಿ. ಅದು ಗೊತ್ತಿದ್ದೇ ಮಾರ್ಚ್ ಕೊನೆಯಲ್ಲಿ ರೇಟು ಏರಿಸುತ್ತಾರೆ. ಮಳೆ ಶುರುವಾಗಿ ಗಾಳಿಯಲ್ಲಿ ತೇವ ಬಂದ ಮೇಲೆ ಅದೇ ಕೂಲರನ್ನು ಯಾರೂ ಕೇಳುವುದಿಲ್ಲ. ಸಾಧ್ಯವಿದ್ದವರು ಜುಲೈ ಆದ ಮೇಲೆ, ದೀಪಾವಳಿಯೊಳಗೆ ತಗೊಳ್ಳಿ. ಮನೆ ಖಾಲಿ ಮಾಡುವವರು ಆಗ ಸುಮ್ನೆ ಜಾಗ ಬಿಟ್ಟರೆ ಸಾಕು ಅಂತ ಕೊಟ್ಟುಬಿಡುತ್ತಾರೆ.

ತಗೊಳ್ಳುವಾಗ ಬಣ್ಣ ನೋಡಬೇಡಿ, ಟ್ಯಾಂಕಿನ ತಳ ನೋಡಿ. ತಗಡಿನ ಕೂಲರ್ ಕೆಡುವುದು ತಳದಿಂದ. ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತದೆಯೇ ನೋಡಿ. ಬೋರಿನ ಗಡಸು ನೀರು ಹಾಕಿದ್ದರೆ ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟಿರುತ್ತದೆ, ಅಂಥ ಪ್ಯಾಡ್ ನೀರು ಹೀರುವುದಿಲ್ಲ. ಪ್ಯಾಡನ್ನೂ ಪಂಪನ್ನೂ ಬದಲಿಸುವ ಖರ್ಚನ್ನು ಅಲ್ಲೇ ಬೆಲೆಯಲ್ಲಿ ಕಡಿಮೆ ಮಾಡಿಸಿ. ನೀರು ಹಾಕಿ ಅರ್ಧ ಗಂಟೆ ಓಡಿಸಿ ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ಎದ್ದು ಬನ್ನಿ. ಆ 6,500ರ ಕೂಲರನ್ನು ನಾವು ಹೋಗಿ ನೋಡಿದೆವು. ತಳಕ್ಕೆ ತೂತು ಮುಚ್ಚುವ ಎಂ-ಸೀಲ್ ಅಂಟು ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು. ಅವತ್ತೇ ಅಂಗಡಿಗೆ ಹೋಗಿ ಹೊಸದನ್ನೇ ತಂದೆವು. ಹುಡುಗಿಯರ ರೊಕ್ಕದ ಅರ್ಧ ಅಲ್ಲೇ ಹೋಯಿತು.

ಫ್ರಿಜ್‌ನಲ್ಲಿ "5 ಸ್ಟಾರ್" ಅಂತ ದೊಡ್ಡದಾಗಿ ಬರೆಯುತ್ತಾರೆ. ಸ್ಟಾರಿನ ಸ್ಟಿಕರ್ ಮೇಲೆ ವರ್ಷವೂ ಇರುತ್ತದೆ, ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ತಿನ್ನುತ್ತದೆ ಅನ್ನುವುದೂ ಇರುತ್ತದೆ. ಸ್ಟಾರ್ ಕೊಡುವ ಲೆಕ್ಕ ಆಗಾಗ ಬಿಗಿಯಾಗುತ್ತಾ ಬಂದಿದೆ, 2023ರ ಜನವರಿಯಲ್ಲೂ ಆಯಿತು. ಹಳೇ ಐದು ಸ್ಟಾರ್ ಇವತ್ತಿನ ಐದು ಸ್ಟಾರ್ ಅಲ್ಲ. ಸ್ಟಾರ್ ಬಿಟ್ಟು ಯೂನಿಟ್ ಓದಿ.

ಮಂಚ, ಕಪಾಟಿನಂಥ ಸಾಮಾನಿನಲ್ಲಿ ನನ್ನ ಮಾತು ಸ್ವಲ್ಪ ಬೇರೆ. ಹಳೇ ಸಾಗವಾನಿ ಮಂಚಕ್ಕೆ, ದಪ್ಪ ತಗಡಿನ ಹಳೇ ತಿಜೋರಿಗೆ ಯಾರಾದರೂ ಒಳ್ಳೆ ಬೆಲೆ ಕೇಳಿದರೆ ನಾನು ಚೌಕಾಸಿ ಮಾಡುವುದಿಲ್ಲ. ಅವು ಇನ್ನೊಂದು ತಲೆಮಾರು ಬಾಳುತ್ತವೆ. ಆದರೆ ಆನ್‌ಲೈನಿನಲ್ಲಿ ತರಿಸಿದ ಪಾರ್ಟಿಕಲ್ ಬೋರ್ಡಿನ ಕಪಾಟಿಗೂ ಅದೇ ಲೆಕ್ಕ ಅಂದ್ರೆ ಹೇಗೆ? ಅದು ಕಟ್ಟಿಗೆ ಪುಡಿ ಅಂಟಿಸಿ ಮಾಡಿದ್ದು. ನೀರು ತಾಗಿದರೆ ಉಬ್ಬುತ್ತದೆ. ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ. ಮನೆ ಬದಲಿಸಿದ ದಿನವೇ ಅದರ ಅರ್ಧ ಆಯುಷ್ಯ ಮುಗಿದಿರುತ್ತದೆ.

ಎಲ್ಲಕ್ಕಿಂತ ಬೇಸರವಾದದ್ದು ಗ್ಯಾಸಿನ ಸಿಲಿಂಡರ್. "ಎರಡು ಸಿಲಿಂಡರ್, ರೆಗ್ಯುಲೇಟರ್, ಒಲೆ, 9,000" ಅಂತ ಹಾಕಿದ್ದರು. ಸಿಲಿಂಡರ್ ಅವರದಲ್ಲ, ಗ್ಯಾಸ್ ಕಂಪನಿಯದು. ನಾವು ಇಟ್ಟಿರುವುದು ಡಿಪಾಸಿಟ್. 2022ರ ಜೂನಿನಲ್ಲಿ 14.2 ಕಿಲೋ ಸಿಲಿಂಡರಿನ ಡಿಪಾಸಿಟ್ 1,450ರಿಂದ 2,200ಕ್ಕೆ, ರೆಗ್ಯುಲೇಟರಿನದ್ದು 150ರಿಂದ 250ಕ್ಕೆ ಏರಿತು. ಊರು ಬಿಡುವವರು ಏಜೆನ್ಸಿಗೆ ವಾಪಸ್ ಕೊಟ್ಟರೆ ತಾವು ಇಟ್ಟ ಡಿಪಾಸಿಟ್ ತಿರುಗಿ ಸಿಗುತ್ತದೆ. ಗ್ರೂಪಿನಲ್ಲಿ ಕೊಂಡವರ ಹೆಸರಿನಲ್ಲಿ ಬುಕ್ ಇರುವುದಿಲ್ಲ, ಕನೆಕ್ಷನ್ನೂ ಇರುವುದಿಲ್ಲ. ನಮ್ಮ ಹುಡುಗಿಯರು ಆಧಾರ್ ಮತ್ತು ಬಾಡಿಗೆ ಕರಾರು ಕೊಟ್ಟು ತಮ್ಮ ಹೆಸರಿನಲ್ಲೇ ಹೊಸ ಕನೆಕ್ಷನ್ ಮಾಡಿಸಿದರು. ಅದರ ಡಿಪಾಸಿಟ್ ನಾನು ಕೊಟ್ಟೆ.

ಇನ್ನೊಂದು ಗಮನಿಸಿದೆ. "ವರ್ಗಾವಣೆ ಆಗಿದೆ, ಅರ್ಜೆಂಟ್ ಸೇಲ್" ಅನ್ನುವ ಪೋಸ್ಟುಗಳಲ್ಲಿ ಕೆಲವು ವರ್ಷವಿಡೀ ಒಂದೇ ನಂಬರಿನಿಂದ ಬರುತ್ತವೆ. ಫೋಟೋದಲ್ಲಿ ಸಾಮಾನಿನ ಹಿಂದೆ ಅದೇ ಹಸಿರು ಟೈಲ್ಸ್ ಗೋಡೆ. ಊರು ಬಿಡುವವರಿಂದ ಗುಜರಿ ರೇಟಿಗೆ ಎತ್ತಿ, ಮನೆ ಸಾಮಾನು ಅಂತ ಹೇಳಿ ಮಾರುವವರು. ವ್ಯಾಪಾರ ಮಾಡಲಿ, ನನ್ನದೇನೂ ಅಭ್ಯಂತರವಿಲ್ಲ. ಸ್ಟೇಷನ್ ಕಡೆಯ ಒಬ್ಬ ರಿಪೇರಿಯವರ ಹತ್ತಿರವೇ ನಾವು ಫ್ರಿಜ್ ತಂದದ್ದು. ಗ್ಯಾಸ್ ತುಂಬಿಸಿ, ಬಾಗಿಲಿನ ರಬ್ಬರ್ ಹೊಸದು ಹಾಕಿ, ಮೂರು ತಿಂಗಳು ಏನಾದರೂ ಆದರೆ ತಾವೇ ಬರುವುದಾಗಿ ಚೀಟಿ ಬರೆದುಕೊಟ್ಟರು. 5,000. ಆ ಬೆಲೆಯಲ್ಲಿ ಅವರ ದುಡಿಮೆ ಇದೆ. ಟೈಲ್ಸ್ ಗೋಡೆಯವರ ಬೆಲೆಯಲ್ಲಿ ಫೋಟೋ ಬಿಟ್ಟರೆ ಏನೂ ಇಲ್ಲ.

ನಾವೂ ನಮ್ಮ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ ಮಾರಿದೆವು. ಹೊಸದು 11 ಸಾವಿರದ ಆಸುಪಾಸು ಇತ್ತು. ನಮ್ಮದು ಆರು ವರ್ಷದ್ದು, ಟೈಮರ್ ಒಮ್ಮೆ ಬದಲಾಗಿತ್ತು, ಡ್ರೈಯರ್ ಶುರುವಾದಾಗ ಸ್ವಲ್ಪ ಅಲುಗುತ್ತಿತ್ತು. ಅದನ್ನೆಲ್ಲ ಪೋಸ್ಟಿನಲ್ಲೇ ಬರೆದು 3,000 ಅಂತ ಹಾಕಿದೆ. ನಮ್ಮ ಮನೆಯವರು "ಐದಕ್ಕೆ ಹೋಗ್ತಿತ್ತಲ್ಲ" ಅಂದರು. ಹೋಗುತ್ತಿತ್ತೇನೋ. ಕೂಡಗಿ ಎನ್‌ಟಿಪಿಸಿಯಲ್ಲಿ (ವಿದ್ಯುತ್ ಸ್ಥಾವರ) ಗುತ್ತಿಗೆ ಕೆಲಸ ಮಾಡುವ ಒಬ್ಬರು ಹೆಂಡತಿ ಜೊತೆ ಬಂದು, ಓಡಿಸಿ ನೋಡಿ, ಅವತ್ತೇ ಟೆಂಪೋದಲ್ಲಿ ಹೇರಿಕೊಂಡು ಹೋದರು. ಆಕೆ ಏಳು ತಿಂಗಳ ಬಸುರಿ. ಎರಡು ಸಾವಿರ ಜಾಸ್ತಿ ಕೇಳಿದ್ದರೆ ಅವರು ತಗೊಳ್ಳುತ್ತಿರಲಿಲ್ಲ ಅನ್ನುವುದು ನನಗೆ ಖಾತ್ರಿ.

ನಮ್ಮ ಹುಡುಗಿಗೆ ಇನ್ನೂ ಕಾಟು ಸಿಕ್ಕಿಲ್ಲ, ಗಾದಿ ನೆಲದ ಮೇಲೇ ಇದೆ. ಜಲನಗರ, ಆಶ್ರಮ ರಸ್ತೆ, ಸೊಲ್ಲಾಪುರ ರಸ್ತೆಯ ಕಡೆ ಯಾರ ಮನೆಯಲ್ಲಾದರೂ ಗಟ್ಟಿ ಇರುವ ಸಿಂಗಲ್ ಕಾಟು ಸುಮ್ನೆ ಬಿದ್ದಿದ್ದರೆ ನನಗೆ ತಿಳಿಸಿ. ಕಬ್ಬಿಣದ್ದಾದರೂ ನಡೆಯುತ್ತದೆ. ಒಂದು ಫೋಟೋ ಕಳಿಸಿ, ಎಲ್ಲಾದರೂ ಮುರಿದಿದ್ದರೆ ಹೇಳಿ, ರೇಟು ಮೊದಲೇ ಬರೆಯಿರಿ. ಟೆಂಪೋ ನಾವೇ ತರುತ್ತೇವೆ.