ಫುಲ್‌ಸ್ಕ್ರೀನ್ ಮಾಡಿದರೆ ಯಾಕೆ ಫ್ಲಿಕರ್ ಆಗುತ್ತೆ?

ಗ್ರಾಫಿಕ್ಸ್ ಲ್ಯಾಬ್ ಮಾಡುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಸರ್, ಸಣ್ಣ ವಿಂಡೋದಲ್ಲಿ ಪ್ರೋಗ್ರಾಂ ಚೆನ್ನಾಗೇ ಓಡುತ್ತೆ. ಫುಲ್‌ಸ್ಕ್ರೀನ್ ಮಾಡಿದ ಕೂಡಲೇ ಫ್ಲಿಕರ್, ಚಿತ್ರ ಮಿಣಮಿಣ ಅನ್ನುತ್ತೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಾ?"

ಬೇಡ, ದುಡ್ಡು ಉಳಿಸಿ. ಮೊದಲು ನಿಮ್ಮ ಪ್ರೋಗ್ರಾಂನಲ್ಲಿ ಗ್ಲಟ್ (ಓಪನ್‌ಜಿಎಲ್ ಚಿತ್ರಕ್ಕೆ ವಿಂಡೋ ತೆರೆದುಕೊಡುವ ಲೈಬ್ರರಿ) ಡಿಸ್‌ಪ್ಲೇ ಮೋಡ್ ಹೇಳುವ ಸಾಲು ನೋಡಿ. ಬಹುಪಾಲು ಅಲ್ಲಿ 'ಗ್ಲಟ್ ಸಿಂಗಲ್' ಅಂತ ಇರುತ್ತದೆ. ಸೀನಿಯರ್‌ಗಳ ರೆಕಾರ್ಡ್‌ನಿಂದ ಇಳಿದು ಬಂದ ಸಾಲು ಅದು, ಅಲ್ವಾ?

ಸಿಂಗಲ್ ಅಂದರೆ ಬಫರ್ (ಚಿತ್ರ ಇಟ್ಟುಕೊಳ್ಳುವ ಮೆಮೊರಿ) ಒಂದೇ. ನೀವು ಚಿತ್ರ ಬಿಡಿಸುವುದೂ ಅದರಲ್ಲೇ, ಮಾನಿಟರಿಗೆ ಹೋಗುವುದೂ ಅದೇ. ಪ್ರತಿ ಫ್ರೇಮಿಗೂ ಹಳೆಯದನ್ನು ಅಳಿಸಿ ಹೊಸದಾಗಿ ಬಿಡಿಸುತ್ತೀರಿ. 60 ಹರ್ಟ್ಸ್ ಮಾನಿಟರ್ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಪರದೆ ತುಂಬಿಸುತ್ತಲೇ ಇರುತ್ತದೆ. ನಿಮ್ಮ ಕೆಲಸ ಮುಗಿಯಿತಾ ಅಂತ ಕಾಯುವುದಿಲ್ಲ. ಒಮ್ಮೆ ಖಾಲಿ ಪರದೆ ಸಿಗುತ್ತದೆ, ಒಮ್ಮೆ ಅರ್ಧ ಚಿತ್ರ. 640x480 ವಿಂಡೋದಲ್ಲಿ 3,07,200 ಪಿಕ್ಸೆಲ್. 1920x1080 ಪರದೆಯಲ್ಲಿ 20,73,600. ಅಳಿಸಿ ಬಿಡಿಸಲು ಹೆಚ್ಚು ಹೊತ್ತು ಬೇಕು, ಅರ್ಧ ಚಿತ್ರ ಕಣ್ಣಿಗೆ ಬೀಳುವುದೂ ಜಾಸ್ತಿ.

'ಗ್ಲಟ್ ಡಬಲ್' ಅಂತ ಬದಲಿಸಿ. ಆಗ ಬಫರ್ ಎರಡು: ಒಂದು ಪರದೆಯಲ್ಲಿ ಕಾಣುತ್ತಿರುತ್ತದೆ, ಹಿಂಬದಿಯ ಇನ್ನೊಂದರಲ್ಲಿ ನೀವು ಬಿಡಿಸುತ್ತೀರಿ. ಡಿಸ್‌ಪ್ಲೇ ಫಂಕ್ಷನ್ನಿನ ಕೊನೆಯಲ್ಲಿ ಫ್ಲಶ್ ತೆಗೆದು, ಎರಡನ್ನೂ ಅದಲುಬದಲು ಮಾಡುವ ಸ್ವಾಪ್ ಬಫರ್ಸ್ ಕರೆಯಿರಿ, ಫ್ರೇಮಿಗೆ ಒಂದೇ ಸಲ. ಸುಮ್ನೆ ಡಿಲೇ ಹಾಕಿ ನೋಡುವವರಿದ್ದಾರೆ. ಅದರಿಂದ ಫ್ಲಿಕರ್ ನಿಧಾನವಾಗುತ್ತದೆ, ಅಷ್ಟೇ.

ಇಲ್ಲೊಂದು ಕಿರಿಕಿರಿ ಇದೆ. ಡಬಲ್ ಮಾಡಿದ ಮೇಲೆ ಕೆಲವರಿಗೆ ಫ್ಲಿಕರ್ ಇನ್ನೂ ಜೋರಾಗುತ್ತದೆ. ಅವರು ಬದಲಾದ ಭಾಗವನ್ನಷ್ಟೇ ಬಿಡಿಸಿರುತ್ತಾರೆ. ಆಗ ಒಂದು ಬಫರ್‌ನಲ್ಲಿ ಹೊಸ ಚೆಂಡು, ಇನ್ನೊಂದರಲ್ಲಿ ಹಳೇ ಚೆಂಡು, ಎರಡೂ ಸರದಿಯಲ್ಲಿ ಕಾಣುತ್ತವೆ. ಸ್ವಾಪ್ ಆದ ಮೇಲೆ ಹಿಂಬದಿಯ ಬಫರ್‌ನಲ್ಲಿ ಏನು ಉಳಿದಿರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಪ್ರತಿ ಸಲ ಪೂರ್ತಿ ಅಳಿಸಿ, ಪೂರ್ತಿ ಬಿಡಿಸಿ.

ಟರ್ಬೋ ಸಿ ಕಾಲದವರಿಗೂ ಇದೇ ತಲೆನೋವಿತ್ತು. ಯಾವ ಪೇಜಿನಲ್ಲಿ (ಅಂದರೆ ಬಫರ್‌ನಲ್ಲಿ) ಬಿಡಿಸಬೇಕು, ಯಾವುದನ್ನು ತೋರಿಸಬೇಕು ಅಂತ ಹೇಳಲು ಸೆಟ್ ಆಕ್ಟಿವ್ ಪೇಜ್, ಸೆಟ್ ವಿಷುಯಲ್ ಪೇಜ್ ಎಂಬ ಫಂಕ್ಷನ್‌ಗಳಿದ್ದವು. ಆದರೆ ಎಲ್ಲರೂ ಬಳಸುತ್ತಿದ್ದ 640x480 ಮೋಡ್‌ನಲ್ಲಿ ಪೇಜ್ ಒಂದೇ. 16 ಬಣ್ಣಕ್ಕೆ ಪಿಕ್ಸೆಲ್ಲಿಗೆ ಅರ್ಧ ಬೈಟ್, ಅಂದರೆ ಒಂದು ಪೇಜಿಗೆ 1,53,600 ಬೈಟ್. ವಿಜಿಎ ಕಾರ್ಡಿನ 256 ಕಿಲೋಬೈಟ್‌ನಲ್ಲಿ ಅಂಥ ಎರಡು ಹಿಡಿಸುವುದಿಲ್ಲ. 640x350ಕ್ಕೆ ಇಳಿದರೆ ಪೇಜಿಗೆ 1,12,000 ಬೈಟ್, ಎರಡೂ ಹಿಡಿಸುತ್ತಿದ್ದವು. ಚಿತ್ರದ ಎತ್ತರ ಬಿಟ್ಟುಕೊಟ್ಟು ಫ್ಲಿಕರ್ ಕಳೆದುಕೊಳ್ಳುವ ಈ ವ್ಯಾಪಾರ ನನಗಂತೂ ಲಾಭದ್ದೇ ಅನ್ನಿಸುತ್ತದೆ.

ಇನ್ನು, ಚಿತ್ರ ಅಡ್ಡಕ್ಕೆ ಸೀಳಿದ ಹಾಗೆ ಕಂಡರೆ ಅದು ಫ್ಲಿಕರ್ ಅಲ್ಲ, ಟೇರಿಂಗ್. ಮಾನಿಟರ್ ಪರದೆಯನ್ನು ಅರ್ಧ ತುಂಬಿಸಿದ್ದಾಗಲೇ ಬಫರ್ ಬದಲಾಗಿದೆ ಅಂತ ಅರ್ಥ. ವಿಂಡೋಸ್ ವಿಸ್ಟಾದಿಂದ ಈಚೆಗೆ ಎಲ್ಲ ವಿಂಡೋಗಳನ್ನೂ ಸೇರಿಸಿ ಪರದೆಗೆ ಕಳಿಸುವ ಡೆಸ್ಕ್‌ಟಾಪ್ ಕಂಪೋಸಿಟರ್ ಸಣ್ಣ ವಿಂಡೋದಲ್ಲಿ ಇದನ್ನು ಮುಚ್ಚಿಹಾಕುತ್ತದೆ. ಪರದೆ ಪೂರ್ತಿ ಒಂದೇ ಪ್ರೋಗ್ರಾಂ ಕೈಯಲ್ಲಿರುವ ಎಕ್ಸ್‌ಕ್ಲೂಸಿವ್ ಫುಲ್‌ಸ್ಕ್ರೀನ್‌ನಲ್ಲಿ ಅದು ನಡುವೆ ಇರುವುದಿಲ್ಲ, ಗುಟ್ಟು ಬಯಲಾಗುತ್ತದೆ. ವಿಸಿಂಕ್ ಆನ್ ಮಾಡಿ, ಮಾನಿಟರ್ ಒಂದು ಪರದೆ ಮುಗಿಸಿದ ಮೇಲೆಯೇ ಬಫರ್ ಬದಲಾಗುತ್ತದೆ.

ಇಡೀ ಪರದೆ ಸರಿಯಿದ್ದು, ಎರಡು ಮೇಲ್ಮೈ ಸೇರುವ ಕಡೆ ಮಾತ್ರ ಪಟ್ಟೆ ಪಟ್ಟೆಯಾಗಿ ಮಿನುಗಿದರೆ ಬಫರ್ ಮುಟ್ಟಬೇಡಿ. ಅದು ಡೆಪ್ತ್ ಜಗಳ: ಎರಡರಲ್ಲಿ ಯಾವುದು ಮುಂದೆ ಅಂತ ತೀರ್ಮಾನವಾಗುತ್ತಿಲ್ಲ. ಪರ್ಸ್‌ಪೆಕ್ಟಿವ್‌ನಲ್ಲಿ ನಿಯರ್ ಬೆಲೆ (ಕ್ಯಾಮೆರಾದಿಂದ ಎಷ್ಟು ದೂರದಿಂದ ಚಿತ್ರ ಶುರು ಅನ್ನುವುದು) 0.001 ಇದ್ದರೆ 0.1 ಮಾಡಿ ನೋಡಿ.