ಅಂಬಾಸಿಡರ್ ಬಾನೆಟ್ ಒಳಗಿನ ಟಕ್ ಟಕ್: ಟ್ಯಾಪೆಟ್ ಮುಟ್ಟುವ ಮುಂಚೆ

ಹಳೆಯ ಅಂಬಾಸಿಡರ್ ಬಾನೆಟ್ ಒಳಗೆ ಟಕ್ ಟಕ್ ಶುರುವಾದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಟ್ಯಾಪೆಟ್ ಸಾರ್, ಟೈಟ್ ಮಾಡ್ಬಿಡೋಣ." ದಯವಿಟ್ಟು ಅಲ್ಲಿಗೇ ತಡೆಯಿರಿ. ಸದ್ದು ಅಡಗಿಸಲು ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ತೋಳಿನ ನಡುವಿನ ಗ್ಯಾಪ್ (ಗ್ಯಾರೇಜಿನ ಮಾತಿನಲ್ಲಿ ಟ್ಯಾಪೆಟ್ ಗ್ಯಾಪ್) ಕಡಿಮೆ ಮಾಡಿದರೆ ಬಿಸಿಯಾದಾಗ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವಿನ ಶಾಖ ಇಳಿದುಹೋಗುವುದು ಬಹುಪಾಲು ಆ ಸೀಟಿನ ಮೂಲಕವೇ. ಹಾದಿ ಮುಚ್ಚಿದರೆ ಅಂಚು ಸುಡುತ್ತದೆ, ಕಂಪ್ರೆಶನ್ ಬೀಳುತ್ತದೆ, ಕೊನೆಗೆ ಹೆಡ್ಡೇ ಬಿಚ್ಚಬೇಕಾಗುತ್ತದೆ. ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದಿಲ್ಲದ ಬಿಗಿ ಟ್ಯಾಪೆಟ್ ಅಪಾಯ.

ಇಲ್ಲಿ ಹೇಳುತ್ತಿರುವುದು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಮೂಲದ 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ. ನಂತರ ಬಂದ ಇಸುಜು 1.8ಕ್ಕೆ ಈ ಅಳತೆಗಳು ಹೊಂದುವುದಿಲ್ಲ.

ಮೊದಲು ಸದ್ದಿನ ವೇಗ ಹಿಡಿಯಿರಿ. ಐಡಲ್‌ನಲ್ಲಿ ಎಂಜಿನ್ 800 ಆರ್‌ಪಿಎಂ ತಿರುಗುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 13 ಸುತ್ತು ಹಾಕುತ್ತದೆ, ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಅದರ ಅರ್ಧ. ಕಿವಿಗೆ ಇದು ಗೊತ್ತಾಗುವುದು ಕಷ್ಟ, ಟೈಮಿಂಗ್ ಲೈಟ್ ಇದ್ದರೆ ಸುಲಭ. ಕ್ಲಿಪ್ಪನ್ನು ಒಂದನೇ ಪ್ಲಗ್ ವೈರಿಗೆ ಹಾಕಿ. ಆ ಲೈಟು ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆ ಮಿಂಚುತ್ತದೆ. ಒಂದು ಮಿಂಚಿಗೆ ಒಂದು ಟಕ್ ಆದರೆ ಟ್ಯಾಪೆಟ್, ಕ್ಯಾಮ್, ಯಾವುದೋ ಒಂದು ಸಿಲಿಂಡರಿನ ಗ್ಯಾಸ್ ಲೀಕ್ ಅಥವಾ ಫೈರಿಂಗ್ ಆಗುವಾಗ ಮಾತ್ರ ಬಡಿಯುವ ಬೇರಿಂಗ್. ಒಂದು ಮಿಂಚಿಗೆ ಎರಡು ಟಕ್ ಆದರೆ ಪುಲ್ಲಿ, ಫ್ಲೈವೀಲ್ ಥರ ಕ್ರ್ಯಾಂಕಿನ ಜೊತೆ ತಿರುಗುವ ಭಾಗಗಳತ್ತ ನೋಡಿ. ಮಿಂಚಿಗೆ ತಾಳೆಯೇ ಆಗದಿದ್ದರೆ ಫ್ಯಾನ್ ಬೆಲ್ಟಿನಿಂದ ತಿರುಗುವ ಯಾವುದೋ ಭಾಗ.

ಬೆಲ್ಟ್ ಕಡೆಯದನ್ನು ಪತ್ತೆ ಮಾಡುವುದು ಎಲ್ಲಕ್ಕಿಂತ ಅಗ್ಗ. ಬೆಲ್ಟ್ ತೆಗೆದು, ತಣ್ಣಗಿನ ಎಂಜಿನ್ ಅರ್ಧ ನಿಮಿಷ ಓಡಿಸಿ. ಅದಕ್ಕಿಂತ ಹೆಚ್ಚು ಬೇಡ, ವಾಟರ್ ಪಂಪ್ ತಿರುಗುತ್ತಿರುವುದಿಲ್ಲ. ಸದ್ದು ಹೋಯಿತೇ? ಎಂಜಿನ್ ಆಫ್ ಮಾಡಿ ಫ್ಯಾನ್ ರೆಕ್ಕೆ ಹಿಡಿದು ಹಿಂದೆ ಮುಂದೆ ಅಲುಗಿಸಿ. ಆಟ ಇದ್ದರೆ ಪಂಪ್ ಬೇರಿಂಗ್ ಮುಗಿದಿದೆ. ಡೈನಮೋ ಇರುವ ಗಾಡಿಯಾದರೆ ಅದರ ಹಿಂಬದಿಯ ಎಣ್ಣೆ ರಂಧ್ರಕ್ಕೆ ಎರಡು ಮೂರು ಹನಿ ಎಂಜಿನ್ ಆಯಿಲ್ ಬಿಡಿ. ಹೆಚ್ಚು ಬಿಟ್ಟರೆ ಬ್ರಷ್‌ಗೆ ಹರಡುತ್ತದೆ. ಬೆಲ್ಟ್ ಮತ್ತೆ ಹಾಕುವಾಗ ಉದ್ದನೆಯ ಭಾಗದಲ್ಲಿ ಬೆರಳಿಂದ ಒತ್ತಿದರೆ ಅರ್ಧ ಇಂಚು ತಗ್ಗಬೇಕು.

ಹಳೆ ಅಂಬಾಸಿಡರ್‌ನಲ್ಲಿ ಟ್ಯಾಪೆಟ್ ಎಂದು ತಪ್ಪು ತಿಳಿಯುವುದಕ್ಕೆ ದೊಡ್ಡ ಕಾರಣ, ಹೆಡ್ಡಿನಿಂದ ಹೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಲೀಕ್. ಬೆಳಗ್ಗೆ ತಣ್ಣಗಿದ್ದಾಗ ಟಕ್ ಟಕ್ ಜೋರು, ಬಸವನಗುಡಿಯಿಂದ ಹೊರಟು ಲಾಲ್‌ಬಾಗ್ ವೆಸ್ಟ್ ಗೇಟ್ ಮುಟ್ಟುವ ಹೊತ್ತಿಗೆ ಕಡಿಮೆ. ಬೀಡು ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಎರಡು ಅಡಿ ರಬ್ಬರ್ ಪೈಪಿನ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಹೆಡ್ ಮತ್ತು ಮ್ಯಾನಿಫೋಲ್ಡ್ ಸೇರುವ ಗೆರೆಯುದ್ದಕ್ಕೂ ಆಡಿಸಿ. ಲೀಕ್ ಇರುವಲ್ಲಿ ಟಕ್ ಹೋಗಿ "ಚಫ್ ಚಫ್" ಕೇಳುತ್ತದೆ. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಇದ್ದರೆ ಅನುಮಾನವೇ ಬೇಡ. ಎಂಜಿನ್ ಆಫ್ ಮಾಡಿ ಆ ಸಿಲಿಂಡರಿನ ಪ್ಲಗ್ ವೈರ್ ತೆಗೆದು, ವೈರಿನ ತುದಿಯನ್ನು ಬಾಡಿಗೆ ಅರ್ಥ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸದ್ದು ಮೆತ್ತಗಾಗುತ್ತದೆ. ಟ್ಯಾಪೆಟ್ ಸದ್ದು ಇದರಿಂದ ಬದಲಾಗುವುದಿಲ್ಲ.

ಈ ಎಂಜಿನ್ನಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕದಲ್ಲಿ, ಒಂದೇ ಸಾಲಿನ ಸ್ಟಡ್‌ಗಳ ಮೇಲೆ ಕೂರುತ್ತವೆ. ದಪ್ಪ ವಾಷರ್ ಒಂದೊಂದೂ ಎರಡರ ಫ್ಲ್ಯಾಂಜ್‌ಗಳನ್ನು, ಅಂದರೆ ಹೆಡ್ಡಿಗೆ ಕೂರುವ ಚಪ್ಪಟೆ ಅಂಚುಗಳನ್ನು, ಒಟ್ಟಿಗೆ ಒತ್ತುತ್ತದೆ. ಒಂದು ಫ್ಲ್ಯಾಂಜ್ ಸವೆದು ತೆಳ್ಳಗಾಗಿದ್ದರೆ ವಾಷರ್ ವಾಲಿ, ಹೊಸ ಗ್ಯಾಸ್ಕೆಟ್ ಹಾಕಿದರೂ ಲೀಕ್ ಮರಳುತ್ತದೆ. ಬರೀ ಗ್ಯಾಸ್ಕೆಟ್ ಬದಲಿಸುವುದು ದುಡ್ಡು ದಂಡ. ಎರಡೂ ಫ್ಲ್ಯಾಂಜ್‌ಗಳ ದಪ್ಪ ವರ್ನಿಯರ್‌ನಲ್ಲಿ ಅಳೆದು, ವ್ಯತ್ಯಾಸವಿದ್ದರೆ ಮೆಷಿನ್ ಶಾಪ್‌ನಲ್ಲಿ ಸಮ ಮಾಡಿಸಿ. ನಟ್‌ಗಳನ್ನು ಮಧ್ಯದಿಂದ ಹೊರಕ್ಕೆ ಬಿಗಿಯಿರಿ. ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ. ಎರಡೂ ಒಂದೇ ಪಕ್ಕದಲ್ಲಿರುವ ಕಾರಣಕ್ಕೇ, ಇನ್‌ಲೆಟ್ ಕಡೆ ಸೀಟಿಯಂಥ ಸದ್ದು ಬಂದರೆ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ನೋಡಬೇಡಿ. ಕೈಯಳತೆಯಲ್ಲೇ ಕಾದ ಎಕ್ಸಾಸ್ಟ್ ಇದೆ, ಬೆಂಕಿ ಹತ್ತೀತು. ಎಂಜಿನ್ ಬೆಚ್ಚಗಾಗುವ ಮುಂಚೆ, ಇನ್‌ಲೆಟ್ ಸಂದಿಗೆ ಮಾತ್ರ ನೀರು ಚಿಮುಕಿಸಿದರೂ ಐಡಲ್ ಬದಲಾವಣೆ ತಿಳಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಟ್ಯಾಪೆಟ್ ಎಂದೇ ಆದರೆ, ಪ್ಲಗ್‌ಗಳನ್ನು ತೆಗೆದು ಹ್ಯಾಂಡಲ್‌ನಿಂದ ತಿರುಗಿಸುತ್ತಾ ಒಂಬತ್ತರ ಲೆಕ್ಕ ಹಿಡಿಯಿರಿ: ತೆರೆದ ವಾಲ್ವಿನ ಸಂಖ್ಯೆಗೆ ಗ್ಯಾಪ್ ನೋಡುವ ವಾಲ್ವಿನ ಸಂಖ್ಯೆ ಕೂಡಿದರೆ ಒಂಬತ್ತು. ರೇಡಿಯೇಟರ್ ಕಡೆಯಿಂದ ಎಣಿಸಿದರೆ 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 6 ತೆರೆದಾಗ 3, 4 ತೆರೆದಾಗ 5, 7 ತೆರೆದಾಗ 2. ಆಮೇಲೆ ಇದೇ ಜೋಡಿಗಳು ತಿರುಗುಮುರುಗು. ಗ್ಯಾಪ್ 0.015 ಇಂಚು, ಅಂದರೆ 0.38 ಮಿಮೀ, ಎಂಜಿನ್ ಬಿಸಿ ಇದ್ದಾಗ. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಪ್ರಮಾಣ.

ಗ್ಯಾಪ್ ಸರಿಯಿದ್ದೂ ಸದ್ದು ಉಳಿಯಿತೇ? ರಾಕರ್ ತುದಿಯಲ್ಲಿ ವಾಲ್ವ್ ಸ್ಟೆಮ್ ಕೊರೆದ ಗುಳಿ ಇರುತ್ತದೆ. ಗ್ಯಾಪ್ ಅಳೆಯುವ ಫೀಲರ್ ಗೇಜಿನ ಹಾಳೆ ಗುಳಿಯ ದಡಗಳ ಮೇಲೆ ಸೇತುವೆಯ ಹಾಗೆ ಕೂತು, ನಿಜವಾದ ಗ್ಯಾಪ್‌ಗಿಂತ ಕಡಿಮೆ ತೋರಿಸುತ್ತದೆ. ಆಗ ರಾಕರನ್ನೇ ನೋಡಬೇಕು. ಜೊತೆಗೆ ರಾಕರ್ ಕೂರುವ ಶಾಫ್ಟಿನ ಕೆಳಮೈ ಸವೆದಿದೆಯೇ ನೋಡಿ, ಮೇಲ್ಮೈ ಮಾತ್ರ ನೋಡಿದರೆ ಸವೆತ ಕಾಣುವುದಿಲ್ಲ. ಒಂದು ಎಚ್ಚರಿಕೆ: ಆ ಶಾಫ್ಟನ್ನು ಹೊರುವ ರಾಕರ್ ಪೆಡಸ್ಟಲ್‌ನ ನಾಲ್ಕು ನಟ್‌ಗಳು ಹೆಡ್ಡನ್ನೂ ಹಿಡಿದಿರುತ್ತವೆ. ರೇಡಿಯೇಟರ್ ನೀರು ಇಳಿಸದೆ, ಹೆಡ್ ನಟ್‌ಗಳೆಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸದೆ ಅವನ್ನು ಮಾತ್ರ ಬಿಚ್ಚಿದರೆ ಹೆಡ್ ಸೊಟ್ಟಗಾಗುತ್ತದೆ, ಸಿಲಿಂಡರಿಗೆ ನೀರು ಇಳಿಯುತ್ತದೆ. ಬಿಡಿಭಾಗ ಜೆ.ಸಿ. ರೋಡಿನಲ್ಲಿ ಹುಡುಕಿ. ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಯಿಂದ ತರುವ ರಾಕರನ್ನು ಉಗುರಿನಿಂದ ಸವರಿ ಗುಳಿ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ.

ಬಿಸಿಯಾದಷ್ಟೂ ಜೋರಾಗುವ, ಕೆಳಗಿನ ಎಣ್ಣೆ ತೊಟ್ಟಿಯಾದ ಸಂಪ್ ಕಡೆಯಿಂದ ಬರುವ ಗಡಸು ಬಡಿತ ಬೇರೆಯೇ ವಿಷಯ. ಪ್ಲಗ್ ವೈರ್ ಅರ್ಥ್ ಮಾಡಿದಾಗ ಅದೂ ಮೆತ್ತಗಾಗುತ್ತದೆ, ಹಾಗಾಗಿ ಮ್ಯಾನಿಫೋಲ್ಡ್ ಎಂದು ಮೋಸ ಹೋಗಬೇಡಿ. ಲೀಕ್ ಬಿಸಿಗೆ ಇಳಿಯುತ್ತದೆ, ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು) ಸದ್ದು ಬಿಸಿಗೆ ಏರುತ್ತದೆ, ಯಾಕೆಂದರೆ ಎಣ್ಣೆ ತೆಳುವಾಗುತ್ತದೆ. ಆಯಿಲ್ ಪ್ರೆಶರ್ ಕೂಡ ಬಿದ್ದಿದ್ದರೆ ಆ ಜಾಗದಲ್ಲೇ ಎಂಜಿನ್ ಆಫ್ ಮಾಡಿ, ಗಾಡಿಯನ್ನು ಟೋ ಮಾಡಿಸಿ. ಸಂಪ್ ಇಳಿಸಿ ಬೇರಿಂಗ್ ಶೆಲ್‌ಗಳನ್ನು ಆಗಲೇ ಬದಲಿಸಿದರೆ ಕ್ರ್ಯಾಂಕ್ ಗ್ರೈಂಡಿಂಗ್ ತಪ್ಪುವ ಸಾಧ್ಯತೆ ಇದೆ. ಮನೆವರೆಗೆ ಓಡಿಸಿದರೆ ಆ ಸಾಧ್ಯತೆ ಉಳಿಯುವುದಿಲ್ಲ.